ಎಂಜಿನ್ ಆಯಿಲ್‌ಗೆ ನೀರು ಸೇರಿದೆಯೇ? ಮೊದಲು ಮೂಲ ಹುಡುಕಿ

ಗಾಡಿಗೆ ಪೆಟ್ರೋಲ್ ಹಾಕಿಸುವುದನ್ನು ನೀವು ಮರೆಯುವುದಿಲ್ಲ. ಆಯುಧಪೂಜೆಗೆ ತೊಳೆದು, ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣನ್ನೂ ಇಡುತ್ತೀರಿ. ಆದರೆ ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ನೋಡಿ ಎಷ್ಟು ತಿಂಗಳಾಯಿತು ಹೇಳಿ? ‘ಸರ್ವಿಸ್‌ನವರು ನೋಡುತ್ತಾರೆ ಬಿಡಿ’ ಎಂದು ಕೂತರೆ ಮಳೆಗಾಲದಲ್ಲಿ ಕೈ ಸುಡುತ್ತದೆ. ಆಯಿಲ್‌ಗೆ ನೀರು ಬೆರೆತರೆ ಅದರ ಜಿಡ್ಡು ಕೆಡುತ್ತದೆ, ಬೇರಿಂಗ್ ಸವೆಯುತ್ತದೆ, ಒಳಗೆ ತುಕ್ಕು ಹಿಡಿಯುತ್ತದೆ. ಇದನ್ನು ಕಂಡುಹಿಡಿಯಲು ದೊಡ್ಡ ವಿದ್ಯೆಯೇನೂ ಬೇಡ, ನೋಡುವ ಅಭ್ಯಾಸ ಬೇಕು.

ನೋಡುವುದಕ್ಕೂ ಒಂದು ಕ್ರಮವಿದೆ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ ಐದ್ಹತ್ತು ನಿಮಿಷ ಬಿಡಿ. ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತೂರಿಸಿ, ಮತ್ತೆ ಎಳೆದು ಬೆಳಕಿಗೆ ಹಿಡಿಯಿರಿ. ಆಯಿಲ್ ಕಪ್ಪಾಗಿದೆ ಎಂದು ಹೆದರಬೇಡಿ. ಡೀಸೆಲ್ ಗಾಡಿಯಲ್ಲಂತೂ ಬದಲಿಸಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಹಾಲು ಹೆಚ್ಚಾದ ಕಾಫಿಯ ಹಾಗೆ ಮಬ್ಬು ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಎಚ್ಚರವಾಗಿ. ನೀವು ಹಾಕದೇ ಇದ್ದರೂ ಆಯಿಲ್ ಮಟ್ಟ ಏರಿದ್ದರೆ ‘ಪರವಾಗಿಲ್ಲ, ಕಡಿಮೆಯಾಗಿಲ್ಲವಲ್ಲ’ ಎಂದು ಸಮಾಧಾನಪಡಬೇಡಿ. ಒಳಗೆ ನೀರೋ ಇಂಧನವೋ ಸೇರುತ್ತಿದೆ ಎಂದು ಅದರರ್ಥ.

ಈಗ ಆಯಿಲ್ ಹಾಕುವ ಮುಚ್ಚಳ ತೆಗೆದು ಅದರ ತಳ ನೋಡಿ. ಅಲ್ಲಿ ಬಿಳಿ-ಹಳದಿ ಲೋಳೆ ಅಂಟಿದ್ದರೆ ಬಹಳ ಜನ ಅಲ್ಲೇ ಎದೆ ಒಡೆದುಕೊಳ್ಳುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಲೋಳೆಯೆಲ್ಲ ಹೆಡ್ ಗ್ಯಾಸ್ಕೆಟ್ ಹೋದ ಗುರುತೂ ಅಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್‌ನಷ್ಟು ನೀರೇ ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ, ಸ್ವಲ್ಪ ಮಾತ್ರ ಪಿಸ್ಟನ್ ರಿಂಗ್ ದಾಟಿ ಆಯಿಲ್ ಇರುವ ಕಡೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಅದೂ ಆವಿಯಾಗಿ ಹೋಗುತ್ತದೆ. ಆದರೆ ನೀವು ಮಡಿಕೇರಿಯ ಜಡಿಮಳೆಯಲ್ಲಿ ಮಗುವನ್ನು ಶಾಲೆಗೆ ಬಿಡಲು ಎರಡು ಕಿಲೋಮೀಟರ್, ತರಕಾರಿಗೆ ಒಂದು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಆಯಿಲ್ ಕಾಯುವುದು ಯಾವಾಗ? ಆವಿ ತಣ್ಣನೆಯ ಮುಚ್ಚಳಕ್ಕೆ ತಾಗಿ ಲೋಳೆಯಾಗುತ್ತದೆ.

ಕಡ್ಡಿಯಲ್ಲಿ ಆಯಿಲ್ ಚೊಕ್ಕವಾಗಿದ್ದು ಮುಚ್ಚಳದಲ್ಲಷ್ಟೇ ಲೋಳೆ ಇದ್ದರೆ, ಅದನ್ನು ಒರೆಸಿ ಹೈವೇಯಲ್ಲಿ ಮುಕ್ಕಾಲು ಗಂಟೆ ಓಡಿಸಿ ಬನ್ನಿ. ವಾರ ಬಿಟ್ಟು ಮತ್ತೆ ನೋಡಿ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ? ಇಂಥ ಗಿಡ್ಡ ಓಡಾಟದವರು ಆಯಿಲ್ ಬದಲಿಸಲು ಕಿಲೋಮೀಟರ್ ತುಂಬುವ ತನಕ ಕಾಯಬೇಡಿ, ತಿಂಗಳ ಲೆಕ್ಕ ಹಿಡಿಯಿರಿ.

ದ್ವಿಚಕ್ರದವರಿಗೆ ಒಂದು ಮಾತು. ಸ್ಪ್ಲೆಂಡರ್, ಆಕ್ಟಿವಾದಂಥ ಗಾಡಿಗಳು ಗಾಳಿಯಿಂದ ತಣಿಯುತ್ತವೆ. ಅವಕ್ಕೆ ರೇಡಿಯೇಟರೂ ಇಲ್ಲ, ಕೂಲೆಂಟೂ ಇಲ್ಲ. ಆದ್ದರಿಂದ ‘ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಬೆರೆತಿದೆ’ ಎಂದು ಯಾರಾದರೂ ಅಂದರೆ ಕೂಲೆಂಟ್ ಎಲ್ಲಿಂದ ಬಂತು ಎಂದು ನಯವಾಗಿ ಕೇಳಿ. ಇವುಗಳಲ್ಲಿ ಆಯಿಲ್ ಬೆಳ್ಳಗಾದರೆ ಗಿಡ್ಡ ಓಡಾಟ, ಜೋರು ಪೈಪಿನ ವಾಟರ್ ವಾಶ್, ನಿಂತ ನೀರಿನಲ್ಲಿ ನುಗ್ಗಿಸಿದ್ದು ಅಥವಾ ಆಯಿಲ್ ಮುಚ್ಚಳದ ರಬ್ಬರ್ ಬಳೆ ಹರಿದಿರುವುದು ಕಾರಣ. ಬಳೆ ಬದಲಿಸಿ, ಆಯಿಲ್ ಬದಲಿಸಿ, ತೊಳೆಯುವಾಗ ಎಂಜಿನ್ ಮೇಲೆ ನೇರ ನೀರು ಬಿಡಿಸಬೇಡಿ.

ಕಾರಿನ ಕಡ್ಡಿಯಲ್ಲೇ ಆಯಿಲ್ ಬೆಳ್ಳಗಿದ್ದರೆ ಮಾತು ಬೇರೆ. ಆಗ ಕೂಲೆಂಟ್ ಡಬ್ಬಿ ನೋಡಿ. ಹೊರಗೆಲ್ಲೂ ಸೋರದೆ ಮಟ್ಟ ಇಳಿಯುತ್ತಿದೆಯೇ? ಎಂಜಿನ್ ಓಡುವಾಗ ಅಲ್ಲಿ ಗುಳ್ಳೆ ಏಳುತ್ತಿದೆಯೇ? ಎಂಜಿನ್ ಕಾದ ಮೇಲೂ ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದೆಯೇ? ಟೆಂಪರೇಚರ್ ಮುಳ್ಳು ಮೇಲೇರುತ್ತಿದೆಯೇ? ಇವುಗಳಲ್ಲಿ ಎರಡು ಕಂಡರೂ ಹೆಡ್ ಗ್ಯಾಸ್ಕೆಟ್, ಆಯಿಲ್ ಕೂಲರ್ ಅಥವಾ ಹೆಡ್‌ನ ಬಿರುಕಿನ ಮೇಲೆ ಅನುಮಾನಪಡಬೇಕು. ಗಾಡಿ ಓಡಿಸಬೇಡಿ, ಟೋ ಮಾಡಿಸಿ. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಸಿಹಿ ವಾಸನೆಯೆಂದು ಕೂಲೆಂಟನ್ನು ನಾಲಿಗೆಗೆ ತಾಗಿಸಬೇಡಿ, ಅದು ವಿಷ. ಮಕ್ಕಳಿಂದ, ನಾಯಿ-ಬೆಕ್ಕಿನಿಂದ ದೂರವಿಡಿ.

ಇನ್ನೂ ಅನುಮಾನವೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ ಹಿರಿಯರು. ಅಡುಗೆಗೆ ಬಳಸದ ಹಳೆಯ ತವಾವನ್ನು ಬಯಲಿನಲ್ಲಿ ಕಾಯಿಸಿ. ನೀರಿನ ಹನಿ ಬಿಟ್ಟರೆ ಚುರ್ ಎನ್ನುವಷ್ಟು ಕಾದಾಗ ಒಲೆ ಆರಿಸಿ, ಆ ನೀರು ಪೂರ್ತಿ ಆರಿದ ಮೇಲೆ ಕಡ್ಡಿಯಿಂದ ಒಂದೇ ಹನಿ ಆಯಿಲ್ ಬಿಡಿ. ನೀರಿದ್ದರೆ ಚಟಪಟ ಸಿಡಿದು ಗುಳ್ಳೆ ಎದ್ದೀತು. ಇಲ್ಲದಿದ್ದರೆ ಸದ್ದಿಲ್ಲದೆ ಹರಡೀತು. ಕಣ್ಣಿಗೆ ಕನ್ನಡಕವಿರಲಿ, ಮಕ್ಕಳು ಹತ್ತಿರ ಸುಳಿಯದಿರಲಿ. ನೀರು ಇದೆಯೋ ಇಲ್ಲವೋ ಎಂದಷ್ಟೇ ಇದು ಹೇಳುತ್ತದೆ. ಎಲ್ಲಿಂದ ಬಂತು ಎಂದು ತಿಳಿಯಲು ಗ್ಯಾರೇಜ್‌ನಲ್ಲಿ ಕೂಲೆಂಟ್ ಪ್ರೆಶರ್ ಟೆಸ್ಟ್, ಕಂಪ್ರೆಷನ್ ಟೆಸ್ಟ್ ಮಾಡಿಸಿ. ಈ ಪರೀಕ್ಷೆಗಳಾಗದೆ ಎಂಜಿನ್ ಬಿಚ್ಚಲು ಒಪ್ಪಬೇಡಿ.

ಇನ್ನು ನೆರೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಕಾರುಗಳು ನೀರಿನಲ್ಲಿ ಮುಳುಗಿದ್ದನ್ನು ನೀವೆಲ್ಲ ನೋಡಿದ್ದೀರಿ. ಹಾಗೆ ಮುಳುಗಿದ ಗಾಡಿ ಸಿಕ್ಕಿದ ತಕ್ಷಣ ಜನ ಮಾಡುವ ಮೊದಲ ಕೆಲಸ ಸ್ಟಾರ್ಟ್ ಮಾಡಿ ನೋಡುವುದು. ಆತುರಗಾರನಿಗೆ ಬುದ್ಧಿ ಮಟ್ಟ. ಸಿಲಿಂಡರ್‌ನೊಳಗೆ ನೀರಿದ್ದರೆ ಪಿಸ್ಟನ್ ಅದನ್ನು ಅದುಮಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೀ ತಿರುಗಿಸಬೇಡಿ, ತಳ್ಳಿ ಸ್ಟಾರ್ಟ್ ಮಾಡುವುದೂ ಬೇಡ. ಬ್ಯಾಟರಿ ತಂತಿ ಬಿಚ್ಚಿಸಿ, ಫೋಟೊ ತೆಗೆದಿಟ್ಟುಕೊಂಡು, ವಿಮೆಯವರಿಗೆ ಫೋನ್ ಮಾಡಿ ಟೋ ಮಾಡಿಸಿ. ನೀರು ಹೊಕ್ಕ ಎಂಜಿನ್ ಓಡಿಸಿ ಆದ ಹಾನಿಯನ್ನು ಸಾಮಾನ್ಯ ಪಾಲಿಸಿ ಭರಿಸುವುದಿಲ್ಲ, ಅದಕ್ಕೆ ಎಂಜಿನ್ ಪ್ರೊಟೆಕ್ಷನ್ ಎಂಬ ಪ್ರತ್ಯೇಕ ಕವರ್ ಬೇಕು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನಿಸಿಕೊಳ್ಳುವ ಮೊದಲೇ ನಿಮ್ಮ ಪಾಲಿಸಿ ತೆಗೆದು ಓದಿ.

ರಿಪೇರಿಯಾದ ಮೇಲೂ ಅರ್ಧ ಕೆಲಸ ಉಳಿದಿರುತ್ತದೆ. ನೀರು ಸೇರಿದ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಸಹಿತ ಬದಲಿಸಿ. ಸ್ವಲ್ಪ ದಿನ ಓಡಿಸಿ ಇನ್ನೊಮ್ಮೆ ಬದಲಿಸಿ. ಮೂಲ ಸರಿಮಾಡದೆ ಹೊಸ ಆಯಿಲ್ ಹಾಕಿದರೆ ಅದೂ ಹಾಳೇ. ಗ್ಯಾಸ್ಕೆಟ್ ಹಾಕುವಾಗ ಹೆಡ್ ಸೊಟ್ಟಗಾಗಿದೆಯೇ ಎಂದು ಅಳೆಸಿ. ರೇಡಿಯೇಟರ್‌ಗೆ ನಲ್ಲಿನೀರು ಸುರಿಯಬೇಡಿ, ಕಂಪನಿ ಹೇಳಿದ ಕೂಲೆಂಟನ್ನೇ ಹಾಕಿ. ಹಳೆಯ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ಚರಂಡಿಗೆ ಚೆಲ್ಲದೆ ಗ್ಯಾರೇಜ್‌ನವರಿಗೆ ಒಪ್ಪಿಸಿ.

ಈ ಭಾನುವಾರದಿಂದಲೇ ಶುರುಮಾಡಿ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಆಯಿಲ್ ಕಡ್ಡಿ, ಮುಚ್ಚಳ, ಕೂಲೆಂಟ್ ಡಬ್ಬಿ ಮೂರನ್ನೂ ನೋಡಿ, ಕಂಡದ್ದನ್ನು ಫೋನಿನಲ್ಲಿ ಒಂದು ಸಾಲು ಬರೆದಿಡಿ. ಮುಂದೆ ಮೆಕ್ಯಾನಿಕ್ ಎದುರು ನಿಂತಾಗ ಆ ಸಾಲುಗಳೇ ನಿಮ್ಮ ದುಡ್ಡು ಉಳಿಸುತ್ತವೆ.