ಜ್ವರ ಬಿಟ್ಟಿತು, ಸುಸ್ತು ಬಿಡಲಿಲ್ಲವೇ?

“ಡಾಕ್ಟ್ರೇ, ಜ್ವರ ಬಿಟ್ಟು ಎರಡು ತಿಂಗಳಾಯಿತು. ಮೈಯಲ್ಲಿ ಶಕ್ತಿಯೇ ಇಲ್ಲ. ಅಳತೆ ನೋಡಿಕೊಂಡು ಯಂತ್ರದ ಹತ್ತಿರ ಹೋಗುವಷ್ಟರಲ್ಲಿ ಮರೆತುಹೋಗಿರುತ್ತದೆ.” ಭದ್ರಾವತಿಯ ವರ್ಕ್‌ಷಾಪೊಂದರ ಲೇತ್ ಕೆಲಸಗಾರರು ಹೀಗೆನ್ನುತ್ತಿದ್ದಂತೆ ಜೊತೆಗೆ ಬಂದಿದ್ದ ಅಣ್ಣ ನಕ್ಕರು: “ಎಲ್ಲ ಸೋಮಾರಿತನ ಸಾರ್!”

ಇದು ಸೋಮಾರಿತನವಲ್ಲ. ವೈರಸ್ ಜ್ವರದ ನಂತರ ಕೆಲವರಲ್ಲಿ ಉಳಿಯುವ ನಿಜವಾದ ತೊಂದರೆ.

ನಮ್ಮ ಜಿಲ್ಲೆಗೆ ಹೊಸದಲ್ಲ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನೇ ನೋಡಿ. ಜ್ವರ ಇಳಿದ ಮೇಲೂ ಪೂರ್ತಿ ಚೇತರಿಸಿಕೊಳ್ಳಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. 2006ರ ಚಿಕುನ್‌ಗುನ್ಯ ಅನೇಕರ ಕೀಲುಗಳನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಡೆಂಗಿ ನಂತರದ ಸುಸ್ತು ಶಿವಮೊಗ್ಗದ ಅನೇಕ ಮನೆಗಳಿಗೆ ಗೊತ್ತು. ಕೋವಿಡ್ ಬಂದ ಮೇಲೆ ಜಗತ್ತೇ ಇದನ್ನು ಗಮನಿಸಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ನಂತರದ ಸ್ಥಿತಿಗೆ ವ್ಯಾಖ್ಯೆ ಕೊಟ್ಟಾಗ ಸುಸ್ತು, ಉಸಿರಾಟದ ತೊಂದರೆಗಳ ಜೊತೆಗೆ ಮಂಕು ಕವಿದ ಬುದ್ಧಿಯನ್ನೂ ಮುಖ್ಯ ಲಕ್ಷಣವಾಗಿ ಸೇರಿಸಿತು.

ಲಕ್ಷಣಗಳೇನು?

ನಿದ್ದೆ ಮಾಡಿ ಎದ್ದರೂ ಆಯಾಸ. ಓದಿದ ಸಾಲನ್ನೇ ಮತ್ತೆ ಓದಬೇಕು. ಮಾತಿನ ನಡುವೆ ಪದ ಸಿಗದು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದು. ಒಂದು ದಿನ ಹುರುಪಿನಿಂದ ಕೆಲಸ ಮಾಡಿದರೆ ಮರುದಿನ ಹಾಸಿಗೆ ಬಿಟ್ಟು ಏಳಲಾಗದು. ಇದನ್ನು ಅರಳುಮರಳು ಎಂದು ಹೆದರಬೇಕಿಲ್ಲ. ಬಹುಪಾಲು ಜನರಲ್ಲಿ ನಿಧಾನವಾಗಿ ಕಡಿಮೆಯಾಗುತ್ತದೆ.

ಏನು ಮಾಡಬೇಕು?

ಮೊದಲು ವೈದ್ಯರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿ12 ಕೊರತೆ, ಖಿನ್ನತೆ ಇವೂ ಇದೇ ವೇಷದಲ್ಲಿ ಬರುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ಗ್ಲೂಕೋಸ್ ಡ್ರಿಪ್, ದುಬಾರಿ ಟಾನಿಕ್‌ಗಳಿಂದ ಈ ಸುಸ್ತು ಹೋಗುವುದಿಲ್ಲ.

ಶಕ್ತಿಯನ್ನು ತಿಂಗಳ ಸಂಬಳದಂತೆ ಲೆಕ್ಕವಿಟ್ಟು ಖರ್ಚು ಮಾಡಿ. ಕೆಲಸವನ್ನು ತುಂಡು ಮಾಡಿ, ದಣಿಯುವ ಮುಂಚೆಯೇ ಕುಳಿತುಕೊಳ್ಳಿ. ಮರುದಿನ ಆಯಾಸ ಹೆಚ್ಚಾದರೆ ಹಿಂದಿನ ದಿನ ಮಾಡಿದ್ದು ಅತಿಯಾಯಿತೆಂದೇ ಅರ್ಥ. ಹಟ ಹಿಡಿದು ವ್ಯಾಯಾಮ ಮಾಡಬೇಡಿ. ಕೆಲಸಗಳನ್ನು ಚೀಟಿಯಲ್ಲಿ ಬರೆದಿಡಿ. ಮಂಕು ಇರುವಷ್ಟು ದಿನ ಯಂತ್ರ, ವಾಹನಗಳಿಂದ ದೂರವಿರಿ.

ಮತ್ತೆ ಜ್ವರ, ತೀವ್ರ ತಲೆನೋವು, ದಿಢೀರ್ ಗೊಂದಲ, ಎದೆನೋವು ಅಥವಾ ಉಸಿರುಗಟ್ಟುವಿಕೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಂಗನ ಕಾಯಿಲೆ ಕೆಲವರಲ್ಲಿ ಒಂದೆರಡು ವಾರ ಬಿಟ್ಟು ಮರಳಿ ಬಂದು ಮೆದುಳನ್ನೂ ಬಾಧಿಸಬಲ್ಲದು.

ಮನೆಯವರಿಗೊಂದು ಮಾತು

ರೋಗಿ ನೋಡಲು ಚೆನ್ನಾಗಿಯೇ ಕಾಣುತ್ತಾರೆ. ಆದ್ದರಿಂದಲೇ ಯಾರೂ ನಂಬುವುದಿಲ್ಲ. ಮನೆಯವರ ಚುಚ್ಚುಮಾತು ಸುಸ್ತಿಗಿಂತ ಹೆಚ್ಚು ಕುಗ್ಗಿಸುತ್ತದೆ. ನಮ್ಮ ಲೇತ್ ಕೆಲಸಗಾರರ ಪರೀಕ್ಷೆಗಳೆಲ್ಲ ಸರಿಯಾಗಿದ್ದವು. ಯಜಮಾನರಿಗೆ ಚೀಟಿ ಬರೆದುಕೊಟ್ಟೆ; ಸ್ವಲ್ಪ ಕಾಲ ಸ್ಟೋರಿನ ಕೆಲಸ ಸಿಕ್ಕಿತು. ಆರನೆಯ ತಿಂಗಳಿಗೆ ಅವರು ಲೇತ್‌ಗೆ ಮರಳಿದರು, ಹತ್ತು ಬೆರಳೂ ಸುರಕ್ಷಿತವಾಗಿ. ಅಷ್ಟು ದಿನವೂ ಅವರನ್ನು ಬೈಕಿನಲ್ಲಿ ಕೆಲಸಕ್ಕೆ ಬಿಟ್ಟು ಬರುತ್ತಿದ್ದವರು ಅದೇ ಅಣ್ಣ.