ಆರು ತಿಂಗಳು, ಆರು ಬಗೆಯ ಪುಸ್ತಕ

ಪ್ರಥಮ ಪಿಯುಸಿ ಮುಗಿದಾಗ ನನ್ನ ಲೈಬ್ರರಿ ಕಾರ್ಡನ್ನು ಒಮ್ಮೆ ನೋಡಿದೆ. ಇಡೀ ವರ್ಷದಲ್ಲಿ ಒಂಬತ್ತು ಪುಸ್ತಕ ಪಡೆದಿದ್ದೆ. ಏಳು ಗೈಡುಗಳು, ಎರಡು ಯಶಸ್ಸಿನ ಗುಟ್ಟು ಹೇಳುವಂಥವು. ಲೆಕ್ಕದಲ್ಲಿ ಎಲ್ಲವನ್ನೂ ಒಂದೇ ಬದಿಗೆ ಬರೆದರೆ ತಾಳೆಪಟ್ಟಿ ಸರಿಹೊಂದುವುದಿಲ್ಲ. ನನ್ನ ಓದೂ ಹಾಗೆಯೇ ಇತ್ತು.

ನಿಜವಾದ ಕಾರಣ ಹೇಳಬೇಕೆಂದರೆ, ನನಗೆ ಹೆದರಿಕೆ. ನಮ್ಮ ಮನೆಮಾತು ಉರ್ದು. ಪರೀಕ್ಷೆಗೆ ಬೇಕಾದಷ್ಟು ಕನ್ನಡ ಬರುತ್ತದೆ, ಆದರೆ ದಪ್ಪ ಪುಸ್ತಕ ಕಂಡರೆ ಕೈ ಹಿಂದೆ ಸರಿಯುತ್ತಿತ್ತು. ಆಗ ಬಾನು ಮುಷ್ತಾಕ್ ಅವರ ಬಗ್ಗೆ ಓದಿದೆ. ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿದ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ನಾನೂ ಪ್ರಯತ್ನಿಸೋಣ ಎನಿಸಿತು.

ತಿಂಗಳಿಗೊಂದರಂತೆ ಪಟ್ಟಿ ಮಾಡಿದೆ:

1. ಸಾಮಾಜಿಕ ಕಾದಂಬರಿ: ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’
2. ಕಾಡು, ವಿಜ್ಞಾನ: ತೇಜಸ್ವಿಯವರ ‘ಕರ್ವಾಲೊ’
3. ಆತ್ಮಕಥೆ: ಸಿದ್ಧಲಿಂಗಯ್ಯನವರ ‘ಊರುಕೇರಿ’
4. ನಾಟಕ: ಗಿರೀಶ ಕಾರ್ನಾಡರ ‘ತುಘಲಕ್’
5. ಪ್ರವಾಸ: ‘ಅಮೆರಿಕಾದಲ್ಲಿ ಗೊರೂರು’
6. ಕವಿತೆ: ಕೆ.ಎಸ್. ನಿಸಾರ್ ಅಹಮದ್

ಮೊದಲ ಪುಸ್ತಕವನ್ನು ಅಡುಗೆಮನೆಯಲ್ಲಿ ಕುಳಿತು ಓದುತ್ತಿದ್ದೆ. ಅಮ್ಮಿಗೆ ಕನ್ನಡ ಓದಲು ಬರುವುದಿಲ್ಲ. ಕಥೆ ಏನೆಂದು ಕೇಳಿದರು. ಅಂದಿನಿಂದ ದಿನವೂ ಓದಿದ್ದನ್ನು ಉರ್ದುವಿನಲ್ಲಿ ಹೇಳತೊಡಗಿದೆ. ತಂದೆಯ ಹಟದಿಂದ ಗಂಡನನ್ನು ಕಳೆದುಕೊಂಡ ನಾದಿರಾಳ ಕಥೆ ಮುಗಿದಾಗ ಅಮ್ಮಿ ಬೀನ್ಸ್ ಮುರಿಯುವುದನ್ನು ನಿಲ್ಲಿಸಿ, “ಆ ಹುಡುಗಿಯನ್ನು ಯಾರಾದರೂ ಒಂದು ಮಾತು ಕೇಳಿದರಾ?” ಎಂದರು. ಹತ್ತು ಅಂಕದ ಯಾವ ಪ್ರಶ್ನೆಯೂ ನನ್ನನ್ನು ಅಷ್ಟು ಯೋಚನೆಗೆ ಹಚ್ಚಿರಲಿಲ್ಲ.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ‘ತುಘಲಕ್’ ಅರ್ಧಕ್ಕೆ ನಿಂತಿತ್ತು. ನಾಟಕವನ್ನು ಒಬ್ಬಳೇ ಮನಸ್ಸಿನಲ್ಲಿ ಓದುತ್ತಿದ್ದದ್ದೇ ತಪ್ಪು. ಇಬ್ಬರು ಗೆಳತಿಯರೊಂದಿಗೆ ಪಾತ್ರ ಹಂಚಿಕೊಂಡು ಜೋರಾಗಿ ಓದಿದ ಮೇಲೆ ಮುಗಿಯಿತು. ಈಗ ನಾಲ್ಕು ಮುಗಿದಿವೆ, ಎರಡು ಬಾಕಿ.

ನೀವೂ ಆರಂಭಿಸುವುದಾದರೆ ನನಗೆ ಉಪಯೋಗವಾದ ನಿಯಮಗಳು ಇವು:

• ದಿನಕ್ಕೆ ಹತ್ತು ಪುಟ ಸಾಕು. ತಿಂಗಳಿಗೆ 300 ಪುಟವಾಗುತ್ತದೆ.
• ಗೊತ್ತಿಲ್ಲದ ಪ್ರತಿ ಪದಕ್ಕೂ ನಿಘಂಟು ತೆರೆಯಬೇಡಿ. ದಿನಕ್ಕೆ ಐದು ಪದ ಮಾತ್ರ ಬರೆದಿಟ್ಟುಕೊಳ್ಳಿ.
• ನಲವತ್ತು ಪುಟದವರೆಗೆ ಬಿಡಬೇಡಿ. ಆಮೇಲೂ ಹಿಡಿಸದಿದ್ದರೆ ಅದೇ ಬಗೆಯ ಇನ್ನೊಂದು ಪುಸ್ತಕ ತೆಗೆದುಕೊಳ್ಳಿ. ಬಗೆಯನ್ನು ಮಾತ್ರ ಬದಲಿಸಬೇಡಿ.
• ಓದಿದ್ದನ್ನು ಮನೆಯಲ್ಲಿ ಯಾರಿಗಾದರೂ ನಿಮ್ಮ ಭಾಷೆಯಲ್ಲಿ ಹೇಳಿ. ಅರ್ಥವಾಗದ ಜಾಗ ಆಗ ತಾನಾಗಿ ಗೊತ್ತಾಗುತ್ತದೆ.

ಮಾರ್ಚ್ ಪರೀಕ್ಷೆಗೆ ಇದರಿಂದ ಅಂಕ ಬರುತ್ತದೆಯೋ ಇಲ್ಲವೋ ಹೇಳಲಾರೆ. ಆದರೆ ಈಗ ರಾತ್ರಿ ಊಟವಾದ ಮೇಲೆ ಅಮ್ಮಿಯೇ ಕೇಳುತ್ತಾರೆ, “ಇವತ್ತು ಎಷ್ಟು ಪುಟ ಆಯ್ತು ಬೇಟಾ?”

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ