ಮನೆಯಲ್ಲಿ ಕುಳಿತು ಬರೆಯುವವರ ದಿನಚರ್ಯೆ: ದೇಶಾವಕಾಶಿಕ ವ್ರತದಿಂದ ಒಂದು ಪಾಠ

ಶಾಲೆಗೆ ಗಂಟೆಯಿದೆ, ಕಚೇರಿಗೆ ಹಾಜರಿ ಪುಸ್ತಕವಿದೆ, ತೋಟದ ಕೆಲಸಕ್ಕೆ ಸೂರ್ಯನ ಅಂಕೆಯಿದೆ. ಮನೆಯಲ್ಲಿಯೇ ಕುಳಿತು ಬರೆಯುವವರಿಗೆ ಇವುಗಳಲ್ಲಿ ಒಂದೂ ಇಲ್ಲ. ಅನುವಾದ, ಕರಡು ತಿದ್ದುವಿಕೆ, ಪಠ್ಯರಚನೆ, ನೋಂಪಿಯ ಕಥೆಗಳ ಸಂಗ್ರಹ ಮುಂತಾದ ಕಾರ್ಯಗಳನ್ನು ಮನೆಯಿಂದಲೇ ಮಾಡುವ ಶ್ರಾವಕ ಶ್ರಾವಿಕೆಯರು ಈಗ ನಮ್ಮಲ್ಲಿ ಅನೇಕರಿದ್ದಾರೆ. ಅವರ ಮುಖ್ಯ ಶತ್ರು ಪ್ರಮಾದ. ಮಿಥ್ಯಾತ್ವ, ಅವಿರತಿ, ಪ್ರಮಾದ, ಕಷಾಯ, ಯೋಗಗಳೆಂಬ ಐದು ಬಂಧಹೇತುಗಳಲ್ಲಿ ಮೂರನೆಯದಾದ ಇದು ಸದ್ದಿಲ್ಲದೆ ಒಳಹೊಕ್ಕು ದಿನವನ್ನೆಲ್ಲ ಕಬಳಿಸುತ್ತದೆ.

ಇದರಿಂದಾಗುವ ನಷ್ಟ ಸಣ್ಣದಲ್ಲ. ಎಷ್ಟೋ ಮನೆಗಳಲ್ಲಿ ನೋಂಪಿಯ ವಿಧಿ, ಕಥೆ, ಹಾಡುಗಳು ವೃದ್ಧೆಯರ ಕಂಠದಲ್ಲಿ ಮಾತ್ರ ಉಳಿದಿವೆ. "ನಾಳೆ ಬರೆದುಕೊಂಡರಾಯಿತು" ಎಂದು ಮುಂದೂಡಿದ ಮನೆಯಲ್ಲಿ ಆ ಕಂಠವು ನಿಂತ ದಿನವೇ ಆ ಕಥೆಯೂ ಮುಗಿಯುತ್ತದೆ.

1. ಹಿಂದಿನವರ ನಿದರ್ಶನಗಳು

ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಪೂರ್ಣಗೊಳಿಸಿದ ಧವಲಾ ಟೀಕೆಯು 72,000 ಶ್ಲೋಕಪ್ರಮಾಣದ್ದು. ಬಳಿಕ ಜಯಧವಲೆಯನ್ನು ಕೈಗೊಂಡು 20,000 ಶ್ಲೋಕಪ್ರಮಾಣ ಬರೆಯುವಷ್ಟರಲ್ಲಿ ಅವರು ದೇಹವಿಟ್ಟರು. ಶಿಷ್ಯರಾದ ಜಿನಸೇನಾಚಾರ್ಯರು ಇನ್ನೂ 40,000 ಶ್ಲೋಕಪ್ರಮಾಣವನ್ನು ರಚಿಸಿ 837ರಲ್ಲಿ ಅದನ್ನು ಮುಗಿಸಿದರು. ಅದೇ ಜಿನಸೇನರ ಮಹಾಪುರಾಣವು ಅಪೂರ್ಣವಾಗಿ ನಿಂತಾಗ ಶಿಷ್ಯರಾದ ಗುಣಭದ್ರರು ಅದನ್ನು ಪೂರೈಸಿದರು. ಒಬ್ಬರ ಆಯುಷ್ಯಕ್ಕೆ ಮೀರಿದ ಕಾರ್ಯವು ಉತ್ಸಾಹದ ಭರದಿಂದ ಸಾಗುವಂಥದಲ್ಲ. ದಿನದಿನದ ನಿಯಮದಿಂದ ಮಾತ್ರ ಸಾಗುವಂಥದು.

ಇವರು ಮುನಿಗಳು, ಗೃಹಸ್ಥರ ಗೋಜಲು ಅವರಿಗಿರಲಿಲ್ಲವೆಂದು ಹೇಳಬಹುದು. ಗೃಹಸ್ಥರ ನಿದರ್ಶನವನ್ನೇ ನೋಡೋಣ. ಚನ್ನಗಿರಿ ತಾಲೂಕಿನ ಉಬ್ರಾಣಿಯ ಸೀಮೆಗೆ ನೆರೆಯದಾದ ತರೀಕೆರೆ ತಾಲೂಕಿನ ಅಮೃತಾಪುರದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಬಳಿಯ ಶಾಸನವನ್ನು ರಚಿಸಿದವನು ಜೈನಕವಿ ಜನ್ನ. ಹೊಯ್ಸಳರ ಆಸ್ಥಾನದ ಹೊಣೆಯನ್ನು ಹೊತ್ತುಕೊಂಡೇ ಅವನು 1209ರಲ್ಲಿ ಯಶೋಧರ ಚರಿತೆಯನ್ನೂ 1230ರಲ್ಲಿ ಅನಂತನಾಥ ಪುರಾಣವನ್ನೂ ಬರೆದನು. ಈ ಎರಡು ಕಾವ್ಯಗಳ ನಡುವೆ 21 ವರ್ಷಗಳಿವೆ. ಬಿಡುವು ದೊರೆತ ಮೇಲೆ ಬರೆಯುವೆನೆಂದು ಕುಳಿತಿದ್ದರೆ ಇವೆರಡೂ ಹುಟ್ಟುತ್ತಿರಲಿಲ್ಲ.

ಇನ್ನೂ ಸಮೀಪದ ನಿದರ್ಶನ ಮೂಡುಬಿದಿರೆಯ ಸಿದ್ಧಾಂತ ಗ್ರಂಥಗಳದು. ಅಲ್ಲಿನ ತಾಳೆಯೋಲೆಗಳಿಂದ ಧವಲಾ, ಜಯಧವಲಾಗಳನ್ನು ಪ್ರತಿ ಮಾಡುವ ಕಾರ್ಯವು 1896ರಲ್ಲಿ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಮತ್ತು ಮಿರಜಿನ ಗಜಪತಿ ಉಪಾಧ್ಯಾಯರಿಂದ ಮೊದಲಾಯಿತು. ಬ್ರಹ್ಮಸೂರಿಗಳ ನಿಧನಾನಂತರ ಉಪಾಧ್ಯಾಯರು ಮುಂದುವರಿಸಿದರು. ಸುಮಾರು ಹದಿನಾರು ವರ್ಷಗಳಲ್ಲಿ ಆ ಎರಡು ಗ್ರಂಥಗಳ ನಾಗರೀ ಪ್ರತಿ ಸಿದ್ಧವಾಯಿತು. ಇದೇ ಕಾಲದಲ್ಲಿ ಉಪಾಧ್ಯಾಯರು ಗುಪ್ತವಾಗಿ ಒಂದು ಕನ್ನಡ ಪ್ರತಿಯನ್ನೂ ಮಾಡಿಕೊಂಡರು. ಅದರಲ್ಲಿ ವಿದುಷಿಯಾದ ಅವರ ಪತ್ನಿ ಲಕ್ಷ್ಮೀಬಾಯಿಯವರ ಪಾತ್ರ ಹಿರಿದು. ಗುಪ್ತವಾಗಿ ಮಾಡಿದುದರ ಔಚಿತ್ಯವನ್ನು ಇಲ್ಲಿ ಚರ್ಚಿಸುವುದಿಲ್ಲ. ಆ ಪ್ರತಿಯು ಮುಂದೆ ಸಹಾರನಪುರಕ್ಕೆ ಹೋಗಿ, ಅದರಿಂದ ಬೇರೆ ಪ್ರತಿಗಳಾಗಿ, 1939ರಿಂದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯು ಮುದ್ರಣ ಕಂಡಿತು. ಅಡಿಗೆ, ಮಕ್ಕಳು, ಅತಿಥಿ ಎಲ್ಲವನ್ನೂ ಹೊತ್ತ ಗೃಹಿಣಿಯೊಬ್ಬರ ಲೇಖನಿಯು ಶ್ರುತರಕ್ಷಣೆಗೆ ಹೇಗೆ ಒದಗಿತೆಂಬುದನ್ನು ನಮ್ಮ ಮನೆಗಳು ಮರೆಯಬಾರದು.

2. ಕ್ಷೇತ್ರ ಮತ್ತು ಕಾಲದ ಮಿತಿ

ಸಮಂತಭದ್ರಾಚಾರ್ಯರು ಶಿಕ್ಷಾವ್ರತಗಳಲ್ಲಿ ಮೊದಲು ಹೇಳುವ ದೇಶಾವಕಾಶಿಕವು ಇಲ್ಲಿ ನಮಗೆ ದಾರಿದೀಪ. ದಿಗ್ವ್ರತದಲ್ಲಿ ಇಟ್ಟುಕೊಂಡ ವಿಶಾಲವಾದ ಎಲ್ಲೆಯನ್ನು ಮನೆ, ಹೊಲ, ಊರು ಎಂದು ಕುಗ್ಗಿಸಿ, ಅದಕ್ಕೆ ಪಕ್ಷ, ಮಾಸ, ಋತು ಎಂದು ಕಾಲವನ್ನೂ ನಿಗದಿಪಡಿಸುವುದೇ ಇದರ ಸ್ವರೂಪ. ಹಿಂಸೆಯ ಕ್ಷೇತ್ರವನ್ನು ಕುಗ್ಗಿಸುವುದು ಈ ವ್ರತದ ಉದ್ದೇಶ. ಆದುದರಿಂದ ಬರವಣಿಗೆಗಾಗಿ ಮಾಡಿಕೊಂಡ ಮಿತಿಯೇ ವ್ರತವಾಗಿಬಿಡುವುದಿಲ್ಲ. ಆದರೆ ವ್ರತದ ಕ್ರಮವನ್ನು ಕೆಲಸಕ್ಕೂ ಅನ್ವಯಿಸಬಹುದು: "ಈ ಮೂಲೆ, ಈ ಮಣೆ, ನಾಲ್ಕು ಘಳಿಗೆ" ಎಂದು ಸಂಕಲ್ಪಿಸಿ ಕುಳಿತುಕೊಳ್ಳುವುದು.

ಈ ವ್ರತದ ಐದು ಅತಿಚಾರಗಳನ್ನು ಓದಿದರೆ ಅವು ಮನೆಯಲ್ಲಿ ಬರೆಯುವವರನ್ನು ಕಂಡೇ ಹೇಳಿದಂತಿವೆ. ಎಲ್ಲೆಯ ಹೊರಗೆ ಒಬ್ಬರನ್ನು ಕಳುಹಿಸುವುದು ಪ್ರೇಷಣ. ಕುಳಿತಲ್ಲಿಂದಲೇ ಕೂಗಿ ಮಾತನಾಡುವುದು ಶಬ್ದ. ಹೊರಗಿನ ವಸ್ತುವನ್ನು ತರಿಸುವುದು ಆನಯನ. ಮುಖ ತೋರಿಸಿ ಸನ್ನೆ ಮಾಡುವುದು ರೂಪಾಭಿವ್ಯಕ್ತಿ. ಕಲ್ಲು ಮಣ್ಣು ಎಸೆದು ಸೂಚಿಸುವುದು ಪುದ್ಗಲಕ್ಷೇಪ. ದೇಹ ಎಲ್ಲೆಯೊಳಗಿದ್ದರೂ ಮನಸ್ಸು ಹೊರಗೆ ಓಡಾಡುವ ದಾರಿಗಳಿವು. ಇಂದು ಮೊಬೈಲ್ ಫೋನ್ ಒಂದೇ ಇವುಗಳಲ್ಲಿ ನಾಲ್ಕನ್ನು ಮಾಡಿಸಬಲ್ಲದು. ಆದುದರಿಂದ ಆ ನಾಲ್ಕು ಘಳಿಗೆ ಅದು ಬೇರೆ ಕೋಣೆಯಲ್ಲಿರಲಿ.

3. ಒಂದು ದಿನದ ಕ್ರಮ

ಒಂದು ಘಳಿಗೆಗೆ 24 ನಿಮಿಷ. ಎರಡು ಘಳಿಗೆ ಸೇರಿ ಒಂದು ಮುಹೂರ್ತ, ಅಂದರೆ 48 ನಿಮಿಷ. ಪ್ರಾತಃಕಾಲ ಒಂದು ಮುಹೂರ್ತ ಸಾಮಾಯಿಕ. ಬಳಿಕ ಸ್ನಾನ, ಜಿನದರ್ಶನ, ಪೂಜೆ. ಏಳು ಗಂಟೆಗೆ ಬರೆಯಲು ಕುಳಿತರೆ ನಾಲ್ಕು ಘಳಿಗೆ ಮುಗಿಯುವುದು 8 ಗಂಟೆ 36 ನಿಮಿಷಕ್ಕೆ. ಆಹಾರದ ಅನಂತರ ಗೃಹಕೃತ್ಯ. ಮಧ್ಯಾಹ್ನ ಇನ್ನೆರಡು ಘಳಿಗೆ ತಿದ್ದುವ ಕೆಲಸ. ಸೂರ್ಯಾಸ್ತದೊಳಗೆ ಊಟ. ರಾತ್ರಿ ದೀಪಕ್ಕೆ ಹುಳುಗಳು ಮುತ್ತುವ ಮಳೆಗಾಲದಲ್ಲಿ ಬರವಣಿಗೆಯನ್ನು ಹಗಲಿಗೇ ಮುಗಿಸಿ, ಸಂಜೆಯನ್ನು ಸಾಮಾಯಿಕ ಮತ್ತು ಪ್ರತಿಕ್ರಮಣಕ್ಕೆ ಬಿಡುವುದು ಲೇಸು.

ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧ ಮಾಡುವವರು ಸಂಪಾದನೆಯ ಬರವಣಿಗೆಯನ್ನೂ ಆರಂಭವೆಂದೇ ತಿಳಿದು ಬದಿಗಿಡಬೇಕು. ಆ ದಿನ ಸ್ವಾಧ್ಯಾಯ ಮಾತ್ರ. ತಿಂಗಳಿಗೆ ನಾಲ್ಕು ದಿನ ಲೇಖನಿ ವಿಶ್ರಮಿಸುವುದರಿಂದ ಕೆಲಸ ಕೆಡುವುದಿಲ್ಲ. ವಾಚನಾ, ಪೃಚ್ಛನಾ, ಅನುಪ್ರೇಕ್ಷೆಗಳಿಂದ ಬರೆಯುವ ವಿಷಯವೇ ತಿಳಿಯಾಗುತ್ತದೆ.

4. ಮೂರು ಎಚ್ಚರಿಕೆಗಳು

ಮೊದಲನೆಯದು, ಶಕ್ತಿಗೆ ತಕ್ಕ ನಿಯಮ. ಕಾಲದ ಮಿತಿಯುಳ್ಳುದು ನಿಯಮ, ಯಾವಜ್ಜೀವವಾದುದು ಯಮ. ಆರಂಭದಲ್ಲಿ ಒಂದು ಪಕ್ಷದ ನಿಯಮ ಸಾಕು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಉಬ್ರಾಣಿಯ ಕಡೆಯ ಮನೆಗಳಲ್ಲಿ ಅಂಗಳವೆಲ್ಲ ಸುಲಿಯುವವರಿಂದ ತುಂಬಿರುತ್ತದೆ. ಆಗ ಎರಡೇ ಘಳಿಗೆ ಇಟ್ಟುಕೊಂಡು ತಪ್ಪದೆ ನಡೆಸುವುದು, ಆರು ಘಳಿಗೆ ಇಟ್ಟು ಮುರಿಯುವುದಕ್ಕಿಂತ ಮೇಲು.

ಎರಡನೆಯದು, ಉಪವಾಸವನ್ನು ದಂಡವನ್ನಾಗಿ ಮಾಡಬಾರದು. ಬರೆಯದೆ ಕಳೆದ ದಿನಕ್ಕೆ ಊಟ ಬಿಟ್ಟು ಸರಿದೂಗಿಸುವುದು ತಪಸ್ಸಲ್ಲ. ಅದು ತನ್ನ ಮೇಲೆಯೇ ತೀರಿಸಿಕೊಂಡ ಕ್ರೋಧ. ಸಂಜೆ ತಪ್ಪನ್ನು ಆಲೋಚಿಸಿ, ಮರುದಿನ ಹೊತ್ತಿಗೆ ಸರಿಯಾಗಿ ಕುಳಿತರೆ ಸಾಕು.

ಮೂರನೆಯದು, ನಿಯಮವು ನಿರ್ದಯವಾಗಬಾರದು. ಮುನಿಗಳ ಆಹಾರದಾನ, ರೋಗಿಯ ಶುಶ್ರೂಷೆಗಳು ಬಂದಾಗ ಬರವಣಿಗೆ ಎದ್ದು ದಾರಿ ಬಿಡಬೇಕು. ಇದಕ್ಕೆ ಪ್ರತಿಯಾಗಿ ಮನೆಯವರಿಗೂ ಒಂದು ಕರ್ತವ್ಯವಿದೆ. ಮಗನು ಬರೆಯುವಾಗ ಸದ್ದಡಗುವ ಮನೆಯಲ್ಲಿ, ಸೊಸೆ ಬರೆಯಲು ಕುಳಿತಾಗ ಮೂರು ಸಲ ಕರೆಯುವುದುಂಟು. ಲಕ್ಷ್ಮೀಬಾಯಿಯವರನ್ನು ಕೊಂಡಾಡಿದ ಮೇಲೆ ಇದು ನಮಗೆ ಒಪ್ಪುವುದಿಲ್ಲ. ಅವಳಿಗೆ ನಾಲ್ಕು ಘಳಿಗೆ ನೆಮ್ಮದಿಯನ್ನು ಕೊಡುವುದೂ ಶಾಸ್ತ್ರದಾನದ ಒಂದು ಅಂಗವೇ ಸರಿ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ದೇಶಾವಕಾಶಿಕದ ಐದು ಅತಿಚಾರಗಳಾವುವು? ನಿಮ್ಮ ದಿನದಲ್ಲಿ ಹೆಚ್ಚಾಗಿ ಸಂಭವಿಸುವುದು ಯಾವುದು?
2. ಯಮಕ್ಕೂ ನಿಯಮಕ್ಕೂ ಭೇದವೇನು?
3. ನಿಮ್ಮ ಮನೆಯ ಹಿರಿಯರಲ್ಲಿ ಯಾರ ನೋಂಪಿಯ ಕಥೆ ಇನ್ನೂ ಬರಹಕ್ಕಿಳಿದಿಲ್ಲ? ಮುಂದಿನ ಅಷ್ಟಮಿಯೊಳಗೆ ಅವರ ಬಳಿ ಕುಳಿತು ಅದನ್ನು ಬರೆದುಕೊಳ್ಳಿರಿ.